ಮೋಟಾರ್ ಟ್ರಿಪ್ ಆದರೆ ಮೊದಲು ಶಾಫ್ಟ್ ತಿರುಗಿಸಿ ನೋಡಿ

ಪ್ರಶ್ನೆ: ನಾನು ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಅಪ್ರೆಂಟಿಸ್‌ಶಿಪ್ ಕೂಡ ಮಾಡಿದ್ದೇನೆ. ಈಗ ತುಮಕೂರಿನ ವಸಂತನರಸಾಪುರದಲ್ಲಿ ಒಂದು ಪ್ಯಾಕಿಂಗ್ ಕಾರ್ಖಾನೆಗೆ ಎಲೆಕ್ಟ್ರೋ ಮೆಕ್ಯಾನಿಕಲ್ ಟೆಕ್ನಿಷಿಯನ್ ಅಂತ ಸೇರಿದ್ದೇನೆ. ಕರೆಂಟ್ ಕೆಲಸ ಬರುತ್ತದೆ. ಬೇರಿಂಗ್, ಏರ್ ಸಿಲಿಂಡರ್ ಅಂದರೆ ಕೈಕಾಲು ಆಡಲ್ಲ. ಮೆಷಿನ್ ನಿಂತಾಗ ಎಲ್ಲಿಂದ ಹುಡುಕಬೇಕೋ ಗೊತ್ತಾಗಲ್ಲ, ಸೀನಿಯರ್‌ಗಳು ಹೇಳಿಕೊಡಲ್ಲ. ಒಂದು ಇನ್‌ಸ್ಟಿಟ್ಯೂಟ್‌ನವರು ಪಿಎಲ್‌ಸಿ (ಮೆಷಿನ್ ನಡೆಸುವ ಕಂಪ್ಯೂಟರ್) ಕೋರ್ಸ್‌ಗೆ 40 ಸಾವಿರ ಕೇಳುತ್ತಿದ್ದಾರೆ, ಸೇರಲಾ? ಮುಂದಿನ ತಿಂಗಳಿಂದ ನೈಟ್ ಶಿಫ್ಟ್ ಬೇರೆ ಹಾಕಿದ್ದಾರೆ, ಬೇಡ ಅನ್ನಲಾ?

ಉತ್ತರ: ಕೋರ್ಸ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈಗ ಬೇಡ. ಪಿಎಲ್‌ಸಿ ಕಲಿಯಬೇಡಿ ಅಂತಲ್ಲ, ನಿಮ್ಮ ಈಗಿನ ತೊಂದರೆಗೆ ಅದು ಮದ್ದಲ್ಲ. ಪ್ಯಾಕಿಂಗ್ ಲೈನ್‌ನಲ್ಲಿ ಮೆಷಿನ್ ನಿಲ್ಲೋದು ಪಿಎಲ್‌ಸಿ ಕೆಟ್ಟು ಅಲ್ಲ. ಅದು ಪ್ಯಾನೆಲ್ ಒಳಗೆ ತಣ್ಣಗೆ ಕೂತಿರುತ್ತದೆ, ವರ್ಷಗಟ್ಟಲೆ ಏನೂ ಆಗಲ್ಲ. ಕೆಡುವುದು ಹೊರಗಿರುವ ಸಾಮಾನು. ಧೂಳು ತಿನ್ನುವ ಸೆನ್ಸರ್, ದಿನಕ್ಕೆ ಸಾವಿರಾರು ಸಲ ಮಡಚಿ ಬಿಚ್ಚುವ ಕೇಬಲ್, ನೀರು ಕುಡಿದ ವಾಲ್ವ್, ಗ್ರೀಸ್ ಕಾಣದ ಬೇರಿಂಗ್. ಮೊದಲೆಲ್ಲ ಕಾರ್ಖಾನೆಯಲ್ಲಿ ಇದಕ್ಕೆ ಇಬ್ಬರು ಬರುತ್ತಿದ್ದರು. ಎಲೆಕ್ಟ್ರಿಷಿಯನ್ ಬಂದು "ನನ್ನ ಕಡೆ ಸಪ್ಲೈ ಸರಿ ಇದೆ, ಇದು ಮೆಕ್ಯಾನಿಕಲ್" ಅಂತಿದ್ದ, ಫಿಟ್ಟರ್ ಬಂದು "ಇಲ್ಲ, ಇದು ಎಲೆಕ್ಟ್ರಿಕಲ್" ಅಂತಿದ್ದ, ಅಷ್ಟರಲ್ಲಿ ಅರ್ಧ ಶಿಫ್ಟ್ ಹೋಗುತ್ತಿತ್ತು. ಆ ಜಗಳ ಬೇಡ ಅಂತಲೇ ನಿಮ್ಮಂಥವರನ್ನು ತೆಗೆದುಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಕೆಲಸದ ತಿರುಳು ಒಂದೇ: ತೊಂದರೆ ಯಾವ ಕಡೆ ಇದೆ ಅಂತ ಅಳತೆ ಮಾಡಿ ಹೇಳುವುದು. ಬಿಚ್ಚುವುದು, ಬದಲಿಸುವುದು ಆಮೇಲೆ.

ಒಂದು ಮೋಟಾರ್ ತೆಗೆದುಕೊಳ್ಳೋಣ. ಕನ್ವೇಯರ್‌ದು, 5 ಎಚ್‌ಪಿ, ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸಾಧನ) ಪದೇ ಪದೇ ಟ್ರಿಪ್ ಆಗುತ್ತಿದೆ. ಹೆಚ್ಚಿನ ಕಡೆ ಏನು ಮಾಡುತ್ತಾರೆ ಗೊತ್ತಲ್ವಾ, ರಿಲೇಯ ತಿರುಪನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ ರೀಸೆಟ್ ಒತ್ತಿ ಹೋಗುತ್ತಾರೆ. ಮತ್ತೆ ಟ್ರಿಪ್, ಮತ್ತೆ ಮೇಲಕ್ಕೆ. ಕೊನೆಗೆ ವೈಂಡಿಂಗ್ ಸುಡುತ್ತದೆ, "ಮೋಟಾರ್ ಹಳೇದು" ಅಂತ ರಿಪೋರ್ಟ್ ಬರೆಯುತ್ತಾರೆ. ನೀವು ಹಾಗೆ ಮಾಡಬೇಡಿ. ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿ ಮೂರೂ ಫೇಸ್‌ನ ಆಂಪಿಯರ್ ನೋಡಿ, ನೇಮ್ ಪ್ಲೇಟ್ ಜೊತೆ ಹೋಲಿಸಿ. 5 ಎಚ್‌ಪಿ, 415 ವೋಲ್ಟ್ ಅಂದರೆ ಫುಲ್ ಲೋಡ್‌ನಲ್ಲಿ 7, ಏಳೂವರೆ ಆಂಪಿಯರ್ ಆಸುಪಾಸು ಇರಬೇಕು. ಮೂರೂ ಫೇಸ್ ಸಮವಾಗಿ ಜಾಸ್ತಿ ಎಳೆಯುತ್ತಿದ್ದರೆ ನಿಮ್ಮ ಅನುಮಾನ ಮೊದಲು ಮೆಕ್ಯಾನಿಕಲ್ ಕಡೆ ಹೋಗಬೇಕು. ಬೆಲ್ಟ್ ಬಿಗಿ ಆಗಿದೆಯಾ, ರೋಲರ್ ಬೇರಿಂಗ್ ಹಿಡಿದಿದೆಯಾ, ಗೇರ್ ಬಾಕ್ಸ್‌ನಲ್ಲಿ ಎಣ್ಣೆ ಇದೆಯಾ, ಯಾವುದಾದರೂ ರಟ್ಟಿನ ತುಂಡು ಸಿಕ್ಕಿಕೊಂಡಿದೆಯಾ. ಜೊತೆಗೆ ವೋಲ್ಟೇಜ್ ಕೂಡ ನೋಡಿ, ಯಾಕೆಂದರೆ ಸಪ್ಲೈ ಇಳಿದಾಗ ಅದೇ ಲೋಡ್‌ಗೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಬದಲಿಗೆ ಒಂದು ಫೇಸ್ ಮಾತ್ರ ಬೇರೆ ಥರ ಕಂಡರೆ, ಅಥವಾ ಒಂದರಲ್ಲಿ ಸೊನ್ನೆ ಬಂದು ಉಳಿದೆರಡು ಏರಿದ್ದರೆ, ಅದು ಎಲೆಕ್ಟ್ರಿಕಲ್. ಕಾಂಟ್ಯಾಕ್ಟರ್‌ನ (ಮೋಟಾರಿಗೆ ಸಪ್ಲೈ ಕೊಡುವ ದೊಡ್ಡ ಸ್ವಿಚ್) ಒಂದು ಪೋಲ್ ಸುಟ್ಟಿರುತ್ತದೆ, ಲಗ್ ಸಡಿಲ ಇರುತ್ತದೆ, ಫ್ಯೂಸ್ ಹೋಗಿರುತ್ತದೆ.

ವ್ಯತ್ಯಾಸ ಸ್ವಲ್ಪವೇ ಇದ್ದು, ಅದು ಸಪ್ಲೈಯದೋ ಮೋಟಾರಿನದೋ ಅಂತ ಗೊತ್ತಾಗದಿದ್ದರೆ ಒಂದು ಹಳೆಯ ಉಪಾಯ ಇದೆ. ಪವರ್ ತೆಗೆದು ಮೋಟಾರಿನ ಮೂರೂ ವೈರ್‌ಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ. ಎರಡನ್ನೇ ಅದಲುಬದಲು ಮಾಡಿದರೆ ಮೋಟಾರ್ ಉಲ್ಟಾ ತಿರುಗುತ್ತದೆ, ಮೂರನ್ನೂ ಸರಿಸಿದರೆ ದಿಕ್ಕು ಹಾಗೇ ಇರುತ್ತದೆ. ಈಗ ಮತ್ತೆ ಅಳೆಯಿರಿ. ಜಾಸ್ತಿ ಆಂಪಿಯರ್ ಮೊದಲಿನ ಫೇಸ್‌ನಲ್ಲೇ ಉಳಿದರೆ ತೊಂದರೆ ಸಪ್ಲೈಯಲ್ಲಿ. ಮೋಟಾರಿನ ವೈರ್ ಜೊತೆ ಅದೂ ಸರಿದರೆ ತೊಂದರೆ ಮೋಟಾರಿನಲ್ಲಿ. ಏನನ್ನೂ ಬದಲಿಸದೆ ಉತ್ತರ ಸಿಕ್ಕಿತು.

ಮತ್ತೆ ಶೀರ್ಷಿಕೆಯಲ್ಲಿ ಹೇಳಿದ್ದು. ಪವರ್ ತೆಗೆದು, ಲಾಕ್ ಹಾಕಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಎಲೆಕ್ಟ್ರಿಷಿಯನ್ ಕಲಿತವರು ಇದನ್ನು ಮಾಡುವುದೇ ಇಲ್ಲ, ನೇರ ವೈಂಡಿಂಗ್‌ನ ಇನ್ಸುಲೇಷನ್ ಅಳೆಯುವ ಮೆಗ್ಗರ್ ತೆಗೆಯುತ್ತಾರೆ. ಕೈಗೆ ಗರಗರ ಅನ್ನಿಸಿದರೆ ಬೇರಿಂಗ್. ಒಂದೇ ಜಾಗದಲ್ಲಿ ಬಿಗಿಯಾಗಿ ಆಮೇಲೆ ಸಡಿಲವಾದರೆ ಶಾಫ್ಟ್ ಬಾಗಿರಬಹುದು, ಇಲ್ಲವೇ ಕಪ್ಲಿಂಗ್ ಅಲೈನ್‌ಮೆಂಟ್ ಹೋಗಿರಬಹುದು. ಕಪ್ಲಿಂಗ್ ಬಿಚ್ಚಿ ಮೋಟಾರನ್ನು ಒಂಟಿಯಾಗಿ ಓಡಿಸಿ, ಆಗ ಆಂಪಿಯರ್ ಸಾಮಾನ್ಯವಾಗಿದ್ದರೆ ಮೋಟಾರಿನ ಮೇಲೆ ತಪ್ಪು ಹೊರಿಸಬೇಡಿ.

ದೊಡ್ಡ ಮೋಟಾರನ್ನು ಮೊದಲು ಕಡಿಮೆ ವೋಲ್ಟೇಜ್‌ನಲ್ಲಿ ಶುರು ಮಾಡುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇದ್ದಲ್ಲಿ ಓವರ್‌ಲೋಡ್ ರಿಲೇ ಎಲ್ಲಿ ಕೂತಿದೆ ಅಂತ ನೋಡಿ ಸೆಟ್ ಮಾಡಬೇಕು. ಮೇನ್ ಕಾಂಟ್ಯಾಕ್ಟರ್ ಕೆಳಗೆ, ಡೆಲ್ಟಾದ ಒಳಗೆ ಇದ್ದರೆ ನೇಮ್ ಪ್ಲೇಟ್ ಆಂಪಿಯರ್‌ನ 0.58 ಪಾಲು ಮಾತ್ರ ಅದರ ಮೂಲಕ ಹಾಯುತ್ತದೆ. ಅಂದರೆ 28 ಆಂಪಿಯರ್ ಮೋಟಾರ್‌ಗೆ 16. ಎಷ್ಟೋ ಪ್ಯಾನೆಲ್‌ಗಳಲ್ಲಿ ಇದನ್ನು 28ಕ್ಕೇ ಇಟ್ಟಿರುತ್ತಾರೆ. ಅಲ್ಲಿಗೆ ರಿಲೇ ಇದ್ದೂ ಇಲ್ಲದ ಹಾಗೆ.

ಬೇರಿಂಗ್‌ಗೆ ಹೆದರಬೇಡಿ. ಅದರ ನಂಬರ್‌ನಲ್ಲೇ ಅರ್ಧ ವಿಷಯ ಇದೆ. 6205 ಅಂದರೆ ಕೊನೆಯ 05 ಅನ್ನು 5ರಿಂದ ಗುಣಿಸಿ, ಒಳಗಿನ ತೂತು 25 ಮಿ.ಮೀ. 6308 ಅಂದರೆ 40. 04ರಿಂದ ಮೇಲೆ ಈ ಲೆಕ್ಕ ನಡೆಯುತ್ತದೆ. ಅದಕ್ಕಿಂತ ಕೆಳಗೆ 00 ಅಂದರೆ 10, 01 ಅಂದರೆ 12, 02 ಅಂದರೆ 15, 03 ಅಂದರೆ 17 ಮಿ.ಮೀ. ಹಿಂದೆ ಝಡ್‌ಝಡ್ ಇದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಇದ್ದರೆ ರಬ್ಬರ್ ಸೀಲ್. ಧೂಳು, ನೀರು ಇರುವ ಕಡೆ ತಗಡಿನದು ಹಾಕಿದರೆ ಬೇಗ ಹೋಗುತ್ತದೆ. ಹಾಕುವಾಗ ನೆನಪಿಡಬೇಕಾದ್ದು ಇಷ್ಟು: ಶಾಫ್ಟ್ ಮೇಲೆ ಏರಿಸುವಾಗ ಒಳಗಿನ ರಿಂಗ್ ಮೇಲೆ ಮಾತ್ರ ಒತ್ತಡ ಬೀಳಬೇಕು. ಹೊರಗಿನ ರಿಂಗ್‌ಗೆ ಸುತ್ತಿಗೆ ಬಿದ್ದರೆ ಆ ಏಟು ಗುಂಡುಗಳ ಮೂಲಕ ಹೋಗಿ ಟ್ರ್ಯಾಕ್‌ನಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳಿಸುತ್ತದೆ. ಆಮೇಲೆ ಹೊಸ ಬೇರಿಂಗ್ ಸ್ವಲ್ಪ ದಿನಕ್ಕೇ ಸದ್ದು ಮಾಡುತ್ತದೆ, ಎಲ್ಲರೂ "ಡೂಪ್ಲಿಕೇಟ್ ಮಾಲು" ಅಂತ ಬೈಯುತ್ತಾರೆ. ಡೂಪ್ಲಿಕೇಟ್ ಇರಬಹುದು, ಆದರೆ ಸುತ್ತಿಗೆಯವನನ್ನೂ ಒಂದು ಮಾತು ಕೇಳಬೇಕು. ಇಂಡಕ್ಷನ್ ಹೀಟರ್ ಇದ್ದರೆ 110 ಡಿಗ್ರಿ ಸಾಕು, ಗ್ಯಾಸ್ ಜ್ವಾಲೆ ಹಿಡಿಯಬೇಡಿ. ಗ್ರೀಸ್ ಕೂಡ ಜಾಸ್ತಿ ತುಂಬಿದಷ್ಟೂ ಒಳ್ಳೆಯದು ಅಂತ ಏನಿಲ್ಲ, ಜಾಸ್ತಿಯಾದರೆ ಬೇರಿಂಗ್ ಬಿಸಿಯಾಗುತ್ತದೆ.

ಈಗ ನಿಮ್ಮ ಪ್ಯಾಕಿಂಗ್ ಮೆಷಿನ್. ಸೈಕಲ್ ಅರ್ಧಕ್ಕೆ ನಿಂತಿದೆ, ಅಲಾರಂ ಏನೋ ತೋರಿಸುತ್ತಿದೆ, ಆಪರೇಟರ್ ಹಿಂದೆ ನಿಂತು "ಅಣ್ಣಾ, ಎಷ್ಟೊತ್ತು?" ಅಂತಿದ್ದಾನೆ. ಆಪರೇಟರ್‌ಗೆ ಬೇಜಾರು ಮಾಡಿಕೊಳ್ಳಬೇಡಿ, ಅವನನ್ನೇ ಮೊದಲು ಕೇಳಿ. ನಿಲ್ಲುವ ಮುಂಚೆ ಏನಾದರೂ ಸದ್ದು ಬಂತಾ, ಸೈಜ್ ಬದಲಾಯಿಸಿದರಾ, ಯಾರಾದರೂ ತೊಳೆದರಾ. ಅರ್ಧ ಬ್ರೇಕ್‌ಡೌನ್ ಅಲ್ಲೇ ಬಿಡಿಸಿಕೊಳ್ಳುತ್ತದೆ. ಆಮೇಲೆ ಮೆಷಿನ್ ಯಾವ ಚಲನೆಯಲ್ಲಿ ನಿಂತಿದೆ ನೋಡಿ. ಗಾಳಿಯ ಒತ್ತಡದಿಂದ ಹಿಂದೆ ಮುಂದೆ ಓಡುವ ಒಂದು ಸಿಲಿಂಡರ್ ಮುಂದೆ ಹೋಗಬೇಕಿತ್ತು, ಹೋಗಿಲ್ಲ. ಅಥವಾ ಹೋಗಿದೆ, ಆದರೆ ಹೋಗಿದೆ ಅಂತ ಪಿಎಲ್‌ಸಿಗೆ ಗೊತ್ತಾಗಿಲ್ಲ. ಈ ಎರಡರಲ್ಲಿ ಯಾವುದು ಅಂತ ತೀರ್ಮಾನಿಸಿದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯಿತು.

ಹೋಗಿದೆ, ಗೊತ್ತಾಗಿಲ್ಲ ಅಂದರೆ ಸೆನ್ಸರ್ ಕಡೆ ಹೋಗಿ. ಸೆನ್ಸರ್ ಮೇಲೆ ಒಂದು ಚಿಕ್ಕ ಎಲ್‌ಇಡಿ, ಪಿಎಲ್‌ಸಿ ಇನ್‌ಪುಟ್ ಕಾರ್ಡ್ ಮೇಲೆ ಇನ್ನೊಂದು. ಸೆನ್ಸರ್‌ದು ಉರಿಯದಿದ್ದರೆ ಅದು ಜರುಗಿರುತ್ತದೆ, ಇಲ್ಲವೇ ಸತ್ತಿರುತ್ತದೆ. ಸಿಲಿಂಡರ್ ಮೇಲಿನ ರೀಡ್ ಸ್ವಿಚ್ ಅಂತೂ ನಡುಗಿ ನಡುಗಿ ಜಾರುತ್ತಲೇ ಇರುತ್ತದೆ, ಒಂದು ಚಿಕ್ಕ ಸ್ಕ್ರೂಡ್ರೈವರ್‌ನಲ್ಲಿ ಮುಗಿಯುವ ಕೆಲಸ. ಸೆನ್ಸರ್‌ದು ಉರಿದು ಕಾರ್ಡ್‌ದು ಉರಿಯದಿದ್ದರೆ ನಡುವಿನ ವೈರ್ ಅಥವಾ ಕನೆಕ್ಟರ್. ಓಡಾಡುವ ಭಾಗದ ಕೇಬಲ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ತುಂಡಾಗಿರುತ್ತದೆ, ಬಗ್ಗಿಸಿ ನೋಡುತ್ತಾ ಕಾರ್ಡ್‌ನ ಎಲ್‌ಇಡಿ ಮಿನುಗುತ್ತದಾ ಅಂತ ಯಾರಿಗಾದರೂ ನೋಡಲು ಹೇಳಿ. ಸೆನ್ಸರ್ ಈಗಷ್ಟೇ ಬದಲಿಸಿದ್ದು, ಆದರೂ ಹೀಗೆ ಆಗುತ್ತಿದೆ ಅಂದರೆ ಪಿಎನ್‌ಪಿ ಜಾಗಕ್ಕೆ ಎನ್‌ಪಿಎನ್ ಹಾಕಿದ್ದಾರಾ ನೋಡಿ. ಕಂದು 24 ವೋಲ್ಟ್, ನೀಲಿ ಸೊನ್ನೆ, ಕಪ್ಪು ಸಿಗ್ನಲ್, ಎರಡರಲ್ಲೂ ಇಷ್ಟೇ. ಆದರೆ ಪಿಎನ್‌ಪಿ ಕಪ್ಪು ವೈರ್‌ಗೆ 24 ವೋಲ್ಟ್ ಕೊಡುತ್ತದೆ, ಎನ್‌ಪಿಎನ್ ಅದನ್ನು ಸೊನ್ನೆಗೆ ಎಳೆಯುತ್ತದೆ. ಸೆನ್ಸರ್ ಎಲ್‌ಇಡಿ ಚೆಂದವಾಗಿ ಉರಿಯುತ್ತದೆ, ಪಿಎಲ್‌ಸಿಗೆ ಏನೂ ಕಾಣಲ್ಲ. ಸ್ಟೋರ್‌ನವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಅವರನ್ನು ದೂರಿ ಪ್ರಯೋಜನ ಇಲ್ಲ, ಲೇಬಲ್ ನೀವೇ ಓದಿ.

ಸಿಲಿಂಡರ್ ಹೋಗೇ ಇಲ್ಲ ಅಂದರೆ ಔಟ್‌ಪುಟ್ ಎಲ್‌ಇಡಿ ನೋಡಿ. ಅದೂ ಉರಿಯುತ್ತಿಲ್ಲ ಅಂದರೆ ಪಿಎಲ್‌ಸಿ ಬೇರೆ ಯಾವುದೋ ಇನ್‌ಪುಟ್‌ಗೆ ಕಾಯುತ್ತಿದೆ, ಬಾಗಿಲು ಸ್ವಿಚ್ಚೋ, ಹಿಂದಿನ ಸ್ಟೇಷನ್ನೋ. ಉರಿಯುತ್ತಿದ್ದರೆ ವಾಲ್ವ್ ಕಾಯಿಲ್‌ಗೆ 24 ವೋಲ್ಟ್ ಬರುತ್ತಿದೆಯಾ ಅಳೆಯಿರಿ. ಬರುತ್ತಿದ್ದರೆ ವಾಲ್ವ್ ಮೇಲೆ ಕೈಯಿಂದ ಒತ್ತುವ ಚಿಕ್ಕ ಬಟನ್ ಇರುತ್ತದೆ. ಯಾರ ಕೈಯೂ ಮೆಷಿನ್ ಒಳಗೆ ಇಲ್ಲ ಅಂತ ಎರಡು ಸಲ ನೋಡಿ, ಕೂಗಿ ಹೇಳಿ, ಆಮೇಲೆ ಒತ್ತಿ. ಸಿಲಿಂಡರ್ ಓಡಿದರೆ ಗಾಳಿ, ಸಿಲಿಂಡರ್, ಯಾಂತ್ರಿಕ ಭಾಗ ಎಲ್ಲ ಸರಿ ಇದೆ, ತೊಂದರೆ ಕಾಯಿಲ್‌ನಲ್ಲಿ. ಓಡದಿದ್ದರೆ ಕಾಯಿಲ್ ಬದಲಿಸಿ ಏನೂ ಆಗಲ್ಲ. ಒಂದು ಬಟನ್‌ನಿಂದ ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಎರಡೂ ಬೇರೆಯಾಗಿಬಿಟ್ಟವು ನೋಡಿ.

ಗಾಳಿ ವಿಷಯದಲ್ಲಿ ಎಫ್‌ಆರ್‌ಎಲ್ (ಗಾಳಿ ಸೋಸಿ ಒತ್ತಡ ಹೊಂದಿಸುವ ಘಟಕ) ಬಟ್ಟಲಿನಲ್ಲಿ ನೀರು ತುಂಬಿದೆಯಾ, ಗೇಜ್ 5-6 ಬಾರ್ ತೋರಿಸುತ್ತಿದೆಯಾ ಅಂತ ಮೊದಲು ನೋಡಿ. ಮಂಗಳೂರಿನ ಬೈಕಂಪಾಡಿ ಕಡೆ ಮಳೆಗಾಲದಲ್ಲಿ ಕೆಲಸ ಮಾಡಿದವರನ್ನು ಕೇಳಿ, ಏರ್ ಲೈನ್‌ನಲ್ಲಿ ಗಾಳಿಗಿಂತ ನೀರೇ ಜಾಸ್ತಿ ಬರುತ್ತದೆ ಅಂತಾರೆ. ವಾಲ್ವ್‌ನ ಎಕ್ಸಾಸ್ಟ್‌ನಿಂದ ಸುಯ್ ಅಂತ ಗಾಳಿ ಹೋಗುತ್ತಲೇ ಇದ್ದರೆ, ಸಿಲಿಂಡರ್ ಸೀಲ್ ಹೋಗಿದೆಯೋ ವಾಲ್ವ್ ಹೋಗಿದೆಯೋ ಅಂತ ಗೊಂದಲ ಆಗುತ್ತದೆ. ಸಿಲಿಂಡರ್ ಪೂರ್ತಿ ಮುಂದೆ ಹೋಗಿ ನಿಂತಿರುವಾಗ ಮುಂದಿನ ಪೋರ್ಟ್‌ನ ಟ್ಯೂಬ್ ಕಳಚಿ. ಸಿಲಿಂಡರ್ ಪೋರ್ಟ್‌ನಿಂದ ಗಾಳಿ ಬಂದರೆ ಪಿಸ್ಟನ್ ಸೀಲ್. ಅಲ್ಲಿ ಬರದೆ ವಾಲ್ವ್ ಕಡೆಯಿಂದಲೇ ಸೋರಿದರೆ ವಾಲ್ವ್. ಕನ್ನಡಕ ಹಾಕಿಕೊಂಡು ಮಾಡಿ, ಮತ್ತೆ ಮೆಷಿನ್ ಆಟೋ ಮೋಡ್‌ನಲ್ಲಿ ಇರಬಾರದು.

ಡ್ರೈವ್, ಅಂದರೆ ಮೋಟಾರಿನ ವೇಗ ಬದಲಿಸುವ ಸಾಧನ, ಅದರ ಬಗ್ಗೆ ಎರಡೇ ಮಾತು. ಬೇಸಿಗೆಯಲ್ಲಿ ಓವರ್ ಟೆಂಪರೇಚರ್ ಅಂತ ಟ್ರಿಪ್ ಆದರೆ ಡ್ರೈವ್ ಬದಲಿಸುವ ಮೊದಲು ಪ್ಯಾನೆಲ್ ಫ್ಯಾನ್‌ನ ಫಿಲ್ಟರ್ ತೆಗೆದು ಕೊಡವಿ. ಮೋಟಾರಿಗೆ ಮೆಗ್ಗರ್ ಹಾಕುವಾಗ ಡ್ರೈವ್‌ನಿಂದ ಕೇಬಲ್ ಬಿಚ್ಚಿಯೇ ಹಾಕಿ, ಇಲ್ಲದಿದ್ದರೆ 500 ವೋಲ್ಟ್ ಡ್ರೈವ್ ಒಳಗೆ ಹೋಗಿ ಅದನ್ನು ಮುಗಿಸುತ್ತದೆ.

ಈಗ ಬಣ್ಣದ ವಿಷಯ, ಇದನ್ನು ಐಟಿಐಯಲ್ಲಿ ಒತ್ತಿ ಹೇಳುವುದು ಕಡಿಮೆ. ನೀವು ಕಲಿತದ್ದು ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್. ಯುರೋಪಿನಿಂದ ಬಂದ ಮೆಷಿನ್ ಬಾಗಿಲು ತೆಗೆದರೆ ಫೇಸ್‌ಗಳು ಕಂದು, ಕಪ್ಪು, ಬೂದು, ನ್ಯೂಟ್ರಲ್ ನೀಲಿ. ಅಂದರೆ ನಿಮಗೆ ನ್ಯೂಟ್ರಲ್ ಆಗಿದ್ದ ಕಪ್ಪು ಅಲ್ಲಿ ಫೇಸ್, ಫೇಸ್ ಆಗಿದ್ದ ನೀಲಿ ಅಲ್ಲಿ ನ್ಯೂಟ್ರಲ್. ಕಾರ್ಖಾನೆಯ ಡಿಸ್ಟ್ರಿಬ್ಯೂಷನ್ ಬೋರ್ಡ್ ಹಳೆಯ ಬಣ್ಣದಲ್ಲಿ, ಮೆಷಿನ್ ಹೊಸ ಬಣ್ಣದಲ್ಲಿ, ನಡುವೆ ಯಾರೋ ಸಿಕ್ಕ ವೈರ್ ಎಳೆದಿರುತ್ತಾರೆ. ಹಾಗಾಗಿ ಬಣ್ಣ ನೋಡಿ ಯಾವುದನ್ನೂ ನಂಬಬೇಡಿ. ಪ್ಯಾನೆಲ್ ಒಳಗೆ ಕಿತ್ತಳೆ ಬಣ್ಣದ ವೈರ್ ಕಂಡರೆ ಇನ್ನೂ ಹುಷಾರು. ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಬೇರೆ ಕಡೆಯಿಂದ ಸಪ್ಲೈ ಬರುವ ಸರ್ಕ್ಯೂಟ್‌ಗೆ ಆ ಬಣ್ಣ ಬಳಸುತ್ತಾರೆ. ಮೇನ್ ಸ್ವಿಚ್‌ನ ಮೇಲಿನ ಟರ್ಮಿನಲ್‌ಗಳಂತೂ ಯಾವಾಗಲೂ ಲೈವ್.

ಆಫ್ ಮಾಡಿ, ನಿಮ್ಮ ಸ್ವಂತ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿ ಇರಲಿ. ಬೋರ್ಡ್ ನೇತುಹಾಕಿದರೆ ಸಾಲದು, ಅವಸರದಲ್ಲಿ ಬೋರ್ಡ್ ಯಾರೂ ಓದಲ್ಲ. ಮೀಟರನ್ನು ಲೈವ್ ಇರುವ ಕಡೆ ಹಿಡಿದು ಕೆಲಸ ಮಾಡುತ್ತಿದೆ ಅಂತ ನೋಡಿ, ಆಮೇಲೆ ಆಫ್ ಮಾಡಿದ ಕಡೆ ಹಿಡಿಯಿರಿ, ಮತ್ತೆ ಲೈವ್ ಕಡೆ ಹಿಡಿದು ಖಾತ್ರಿ ಮಾಡಿಕೊಳ್ಳಿ. ಡ್ರೈವ್ ಇದ್ದರೆ ಅದರ ಮೇಲೆ ಬರೆದಷ್ಟು ನಿಮಿಷ ಕಾಯಲೇಬೇಕು, 415 ವೋಲ್ಟ್ ಡ್ರೈವ್‌ನ ಕೆಪಾಸಿಟರ್‌ನಲ್ಲಿ 580 ವೋಲ್ಟ್ ಡಿಸಿ ಆಸುಪಾಸು ನಿಂತಿರುತ್ತದೆ. ಎಲೆಕ್ಟ್ರಿಷಿಯನ್ ಆಗಿ ಬಂದವರು ಮರೆಯುವುದು ಕರೆಂಟ್ ಅಲ್ಲದ ಅಪಾಯಗಳನ್ನು. ಸಿಲಿಂಡರ್‌ನಲ್ಲಿ ಉಳಿದ ಗಾಳಿ, ಹೈಡ್ರಾಲಿಕ್ ಅಕ್ಯುಮುಲೇಟರ್‌ನ ಒತ್ತಡ, ಬ್ರೇಕ್ ಬಿಟ್ಟ ತಕ್ಷಣ ತನ್ನ ಭಾರಕ್ಕೇ ಕೆಳಗೆ ಬೀಳುವ ಸ್ಲೈಡ್. ಮರದ ಬ್ಲಾಕ್ ಕೊಡದೆ ಅದರ ಕೆಳಗೆ ಕೈ ಹಾಕಬೇಡಿ.

ಆಫ್ ಮಾಡಿಯೇ ಮುಟ್ಟಬೇಕು ಅನ್ನುವುದಕ್ಕೆ ಒಂದು ಅಪವಾದ ಇದೆ. ಸರ್ವೋ ಮೋಟಾರಿನ ಎನ್‌ಕೋಡರ್ (ಸ್ಥಾನ ಅಳೆಯುವ ಭಾಗ) ಬ್ಯಾಟರಿ ಲೋ ಅಂತ ಅಲಾರಂ ಬಂದಾಗ ಆಫ್ ಮಾಡಿ ಬದಲಿಸಿದರೆ ಮೆಷಿನ್ ತನ್ನ ಹೋಮ್ ಪೊಸಿಷನ್ ಮರೆತುಬಿಡುತ್ತದೆ. ಫ್ಯಾನುಕ್ ಸಿಎನ್‌ಸಿಯಲ್ಲಿ ಅದನ್ನು ಪವರ್ ಆನ್ ಇಟ್ಟೇ ಬದಲಿಸಬೇಕು. ನಿಮ್ಮ ಮೆಷಿನ್‌ಗೆ ಏನು ಕ್ರಮ ಅಂತ ಮ್ಯಾನುಯಲ್‌ನಲ್ಲಿ ಓದಿಕೊಂಡೇ ಮುಟ್ಟಿ, ಮತ್ತೆ ಪ್ಯಾನೆಲ್ ಲೈವ್ ಇರುವುದರಿಂದ ಜೊತೆಗೆ ಅನುಭವಸ್ಥರು ಇರಲಿ.

ಒಂದಲ್ಲ ಒಂದು ದಿನ ಪ್ರೊಡಕ್ಷನ್‌ನವರು ಬಂದು "ಬಾಗಿಲಿನ ಸೇಫ್ಟಿ ಸ್ವಿಚ್ ಲೂಪ್ ಮಾಡಿಬಿಡಿ, ಡಿಸ್ಪ್ಯಾಚ್ ಇದೆ" ಅಂತಾರೆ, ಅಂದರೆ ಬಾಗಿಲು ತೆರೆದಿದ್ದರೂ ಮೆಷಿನ್ ಓಡುವ ಹಾಗೆ ಮಾಡಿ ಅಂತ. ಮಾಡಬೇಡಿ. ನಯವಾಗಿಯೇ ಹೇಳಿ, ಮೇಲಿನವರಿಂದ ಬರೆದುಕೊಡಿ ಅಂತ ಕೇಳಿ. ಬರೆದುಕೊಡುವವರನ್ನು ನಾನಂತೂ ಕಂಡಿಲ್ಲ.

ಸೀನಿಯರ್‌ಗಳು ಹೇಳಿಕೊಡಲ್ಲ ಅಂದಿರಲ್ಲ, ಕೆಲವರು ನಿಜವಾಗಿಯೂ ಹೇಳಿಕೊಡಲ್ಲ, ಹೇಳಿಕೊಟ್ಟರೆ ತಮ್ಮ ಬೆಲೆ ಹೋಗುತ್ತದೆ ಅನ್ನುವ ಭಯ ಅವರಿಗೆ. ಇನ್ನು ಕೆಲವರಿಗೆ ಬಾಯಲ್ಲಿ ಹೇಳೋಕೆ ಬರಲ್ಲ, ಕೈಗೆ ಮಾತ್ರ ಗೊತ್ತು. ಅವರ ಪಕ್ಕ ಟೂಲ್ ಹಿಡಿದು ನಿಂತು, ಕೆಲಸ ಮುಗಿದು ಚಹಾ ಕುಡಿಯುವಾಗ ಕೇಳಿ. ಬ್ರೇಕ್‌ಡೌನ್ ನಡುವೆ ಪ್ರಶ್ನೆ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಮತ್ತೆ ಡ್ರಾಯಿಂಗ್ ಇದೆಯಲ್ಲ, ಅದಕ್ಕೆ ಯಾರ ಕೃಪೆಯೂ ಬೇಡ. ಪ್ಯಾನೆಲ್ ಬಾಗಿಲಿನ ಜೇಬಿನಲ್ಲಿ ಎಣ್ಣೆ ಹಿಡಿದು ಬಿದ್ದಿರುತ್ತದೆ. ಎಂ ಅಂದರೆ ಮೋಟಾರ್, ಕೆ ರಿಲೇ ಅಥವಾ ಕಾಂಟ್ಯಾಕ್ಟರ್, ಬಿ ಸೆನ್ಸರ್, ಎಸ್ ಸ್ವಿಚ್, ವೈ ವಾಲ್ವ್, ಎಕ್ಸ್ ಟರ್ಮಿನಲ್. ಒಂದು ಗೆರೆಯ ಕೊನೆಯಲ್ಲಿ 12.4 ಅಂತ ಇದ್ದರೆ ಸಾಮಾನ್ಯವಾಗಿ 12ನೇ ಪುಟದ 4ನೇ ಕಾಲಂಗೆ ಹೋಗಿ ಅಂತ ಅರ್ಥ. ದಿನಕ್ಕೆ ಒಂದೇ ವೈರ್ ಹಿಡಿಯಿರಿ. ಡ್ರಾಯಿಂಗ್‌ನಲ್ಲಿ ನೋಡಿ, ವೈರ್ ತುದಿಯಲ್ಲಿ ಹಾಕಿರುವ ಫೆರೂಲ್ ನಂಬರ್ ಹಿಡಿದು ಮೆಷಿನ್‌ನಲ್ಲಿ ಹುಡುಕಿ. ಮೆಷಿನ್ ಓಡುತ್ತಿರುವಾಗ ಪಿಎಲ್‌ಸಿ ಎಲ್‌ಇಡಿಗಳು ಯಾವ ಕ್ರಮದಲ್ಲಿ ಹತ್ತುತ್ತವೆ ಅಂತ ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಕಂಪನಿ ಒಪ್ಪಿದರೆ ಮಾತ್ರ. ಇಲ್ಲದಿದ್ದರೆ ಪುಸ್ತಕದಲ್ಲಿ ಬರೆದುಕೊಳ್ಳಿ. ಚೆನ್ನಾಗಿರುವಾಗ ಹೇಗಿತ್ತು ಅಂತ ಗೊತ್ತಿಲ್ಲದವನು ಕೆಟ್ಟಾಗ ಏನು ಹುಡುಕುತ್ತಾನೆ?

ಇಷ್ಟಾದ ಮೇಲೆ ಪಿಎಲ್‌ಸಿ. ಅದರ ಪ್ರೋಗ್ರಾಂ ಬರೆಯುವ ಲ್ಯಾಡರ್ ಅಂದರೆ ನೀವು ಐಟಿಐಯಲ್ಲಿ ಹಾಕಿದ ಡಿಒಎಲ್ (ಮೋಟಾರನ್ನು ನೇರ ಸಪ್ಲೈಗೆ ಸೇರಿಸುವ) ಸ್ಟಾರ್ಟರ್‌ನ ಕಂಟ್ರೋಲ್ ಸರ್ಕ್ಯೂಟ್ ತಾನೆ, ಅಡ್ಡಡ್ಡ ಬರೆದಿರುತ್ತಾರೆ ಅಷ್ಟೇ. ಸ್ಟಾರ್ಟ್, ಸ್ಟಾಪ್, ಹೋಲ್ಡಿಂಗ್ ಕಾಂಟ್ಯಾಕ್ಟ್, ಟೈಮರ್. ಕೋಡೆಸಿಸ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಪಿಎಲ್‌ಸಿ ಇಲ್ಲದೆಯೂ ಕಂಪ್ಯೂಟರ್‌ನಲ್ಲೇ ಪ್ರೋಗ್ರಾಂ ಓಡಿಸಿ ನೋಡಬಹುದು. ಸ್ಟಾರ್ ಡೆಲ್ಟಾ ಸ್ಟಾರ್ಟರನ್ನೇ ಅದರಲ್ಲಿ ಬರೆಯಿರಿ. ಅದು ಬಂದ ಮೇಲೆ, ನಿಮ್ಮ ಕಾರ್ಖಾನೆಯಲ್ಲಿ ಸೀಮೆನ್ಸ್ ಇದೆಯೋ ಮಿತ್ಸುಬಿಷಿ ಇದೆಯೋ ಡೆಲ್ಟಾ ಇದೆಯೋ ನೋಡಿಕೊಂಡು ಅದಕ್ಕೇ ಕೋರ್ಸ್ ಮಾಡಿ, ಆಗ ಕೊಟ್ಟ ದುಡ್ಡಿಗೆ ಅರ್ಥ ಇರುತ್ತದೆ. ದುಡ್ಡು ಕೊಡುವ ಮುಂಚೆ ಒಬ್ಬರಿಗೆ ಒಂದು ಪಿಎಲ್‌ಸಿ ಕೊಡುತ್ತಾರಾ, ಅದಕ್ಕೆ ನಿಜವಾದ ಸಿಲಿಂಡರ್, ಸೆನ್ಸರ್ ಜೋಡಿಸಿದ್ದಾರಾ ಅಂತ ಹೋಗಿ ಕಣ್ಣಾರೆ ನೋಡಿ. ಬರೀ ಪ್ರೊಜೆಕ್ಟರ್ ಪಾಠ ಆದರೆ ಎದ್ದು ಬನ್ನಿ. ಸರ್ಕಾರದ ತಾಂತ್ರಿಕ ತರಬೇತಿ ಕೇಂದ್ರ ಜಿಟಿಟಿಸಿ ರಾಜ್ಯದ ಹಲವು ಊರುಗಳಲ್ಲಿ ಇದೆ, ಬೆಂಗಳೂರಿನ ಪೀಣ್ಯದಲ್ಲಿ ಎನ್‌ಟಿಟಿಎಫ್ ತರಬೇತಿ ಸಂಸ್ಥೆ ಇದೆ, ಅಲ್ಲೂ ವಿಚಾರಿಸಿ. ಮುಂದೆ ಸೂಪರ್‌ವೈಸರ್ ಆಗಬೇಕು ಅಂತಿದ್ದರೆ ಐಟಿಐ ಮೇಲೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ, 40 ಸಾವಿರದ ಸರ್ಟಿಫಿಕೇಟ್‌ಗಿಂತ ಅದರ ತೂಕ ಜಾಸ್ತಿ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್‌ನ ವೈರ್‌ಮನ್ ಪರ್ಮಿಟ್ ಕೂಡ ಮಾಡಿಸಿಟ್ಟುಕೊಳ್ಳಿ.

ಈಗ ಕೈಯಲ್ಲಿ ದುಡ್ಡಿದ್ದರೆ ಒಳ್ಳೆಯ ಟಾಂಗ್ ಟೆಸ್ಟರ್ ತಗೊಳ್ಳಿ. ಟ್ರೂ ಆರ್‌ಎಂಎಸ್ (ಡ್ರೈವ್ ಇರುವ ಕಡೆಯೂ ಸರಿಯಾಗಿ ಅಳೆಯುವಂಥದ್ದು) ಇರಲಿ, ಮೇಲೆ ಸುರಕ್ಷತಾ ದರ್ಜೆ ಕ್ಯಾಟ್ 3, 600 ವೋಲ್ಟ್ ಅಂತ ಬರೆದಿರಲಿ. ರಸ್ತೆ ಬದಿಯ ಅಗ್ಗದ ಮೀಟರ್ ಹಿಡಿದು 415ರ ಪ್ಯಾನೆಲ್‌ಗೆ ಹೋಗಬೇಡಿ. ನಿಯಾನ್ ಟೆಸ್ಟರ್ ಮನೆಗೆ ಇರಲಿ.

ನೈಟ್ ಶಿಫ್ಟ್ ಬೇಡ ಅನ್ನಬೇಡಿ, ಕಡೇ ಪಕ್ಷ ಮೊದಲ ವರ್ಷ. ಹಗಲು ಹೊತ್ತು ಸೀನಿಯರ್‌ಗಳು, ಎಂಜಿನಿಯರ್‌ಗಳು ಸುತ್ತ ನಿಂತಿರುತ್ತಾರೆ, ನಿಮ್ಮ ಕೈಗೆ ಸ್ಪ್ಯಾನರ್ ಬರುವುದೇ ಇಲ್ಲ. ರಾತ್ರಿ ಬರುವ ಬ್ರೇಕ್‌ಡೌನ್ ನಿಮ್ಮದೇ. ಆದರೆ ಸೇರುವ ಮುಂಚೆ ಸೂಪರ್‌ವೈಸರ್ ಹತ್ತಿರ ಮೂರು ವಿಷಯ ಕೇಳಿ ಇಟ್ಟುಕೊಳ್ಳಿ. ರಾತ್ರಿ ಮೆಂಟೆನೆನ್ಸ್‌ನಲ್ಲಿ ಇನ್ನೊಬ್ಬರು ಇರುತ್ತಾರಾ, ಸ್ಟೋರ್ ಕೀ ಯಾರ ಹತ್ತಿರ, ಕೈಮೀರಿದರೆ ಯಾರಿಗೆ ಫೋನ್ ಮಾಡಬೇಕು. ಒಬ್ಬರೇ ಅಂದರೆ, ಪ್ಯಾನೆಲ್ ಕೆಲಸಕ್ಕೆ ಎರಡನೆಯವರು ಬರುವವರೆಗೆ ಮೆಷಿನ್ ನಿಂತಿರಲಿ ಅಂತ ಈಗಲೇ ಒಪ್ಪಿಸಿಕೊಳ್ಳಿ. ಆ ಮಾತನ್ನು ರಾತ್ರಿ ಎರಡು ಗಂಟೆಗೆ ಆಡುವುದು ಕಷ್ಟ.